ಯಾವ ವಯಸ್ಸು ಹೇಳ್ಲಿ ಅಮ್ಮಾ?

ಭಾನುವಾರದಿಂದ ಈ ಒಂದು ಮಾತು ಕಿವಿಯಲ್ಲೇ ಕೂತಿದೆ. ಕೊಡಗಿನ ಗೋಣಿಕೊಪ್ಪದಿಂದ ವಾಪಸ್ ಬರುವ ಬಸ್ಸು, ಒಳಗೆಲ್ಲ ಒದ್ದೆ ಕೊಡೆಗಳು. ನಾನೂ ಅತ್ತೆಯೂ ಆಧಾರ್ ತೋರಿಸಿ ಫ್ರೀ ಟಿಕೆಟ್ ತಗೊಂಡೆವು. ಕಂಡಕ್ಟರ್ ಮಗನ ಕಡೆ ನೋಡಿ, "ನಿಂಗೆಷ್ಟು ವಯಸ್ಸು?" ಅಂತ ಕೇಳಿದರು. ಅತ್ತೆ ಬಾಯಿ ತೆಗೆಯುವ ಮೊದಲೇ ಅವನು ನನ್ನ ಕಡೆ ತಿರುಗಿದ.

"ಯಾವ ವಯಸ್ಸು ಹೇಳ್ಲಿ ಅಮ್ಮಾ? ಫೋನಿಂದಾ, ಬಸ್ಸಿಂದಾ?"

ತಮಾಷೆಗೆ ಕೇಳಿದ್ದಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ನಿಜವಾಗಲೂ ತಿಳಿಯದೆ ಕೇಳಿದ್ದ.

ಅರ್ಧ ಗಂಟೆ ಮುಂಚೆ ಮೊಬೈಲ್ ಅಂಗಡಿಯಲ್ಲಿದ್ದೆವು. ಈ ವರ್ಷ ಅವನು ಏಳನೇ ಕ್ಲಾಸು. ಸಂಜೆ ಬಸ್ಸಿಳಿದು ತೋಟದ ರಸ್ತೆಯಲ್ಲಿ ಒಬ್ಬನೇ ನಡೆಯಬೇಕು. ಹಲಸು ಹಣ್ಣಾಗುವ ಕಾಲ ಬೇರೆ, ಆನೆಗಳಿಗೆ ನಮ್ಮ ತೋಟವೇ ಸಂತೆ. ಇವರು ತೋಟದ ಲೆಕ್ಕ ಬರೆಯುವ ರೈಟರ್, ಸಂಜೆ ಲೆಕ್ಕ ಮುಗಿಯದೆ ಏಳುವ ಹಾಗಿಲ್ಲ. ಹಾಗಾಗಿ ಫೋನು.

ಅಂಗಡಿಯ ಹುಡುಗ ಒಳ್ಳೆಯವನೇ. ಸ್ವಲ್ಪ ಜಾಸ್ತಿಯೇ ಒಳ್ಳೆಯವನು. ಹುಟ್ಟಿದ ದಿನಾಂಕ ಕೇಳುವ ಜಾಗಕ್ಕೆ ಬಂದಾಗ ದನಿ ತಗ್ಗಿಸಿದ. "ಅಕ್ಕಾ, ನಿಜ ವರ್ಷ ಹಾಕಿದ್ರೆ ಎಲ್ಲದಕ್ಕೂ ಅಪ್ಪ ಅಮ್ಮನ ಪರ್ಮಿಷನ್ ಕೇಳುತ್ತೆ. ವಾಟ್ಸಾಪೂ ಆಗಲ್ಲ. ಆಮೇಲೆ ನೀವೇ ಹುಡುಕ್ಕೊಂಡು ಬರ್ತೀರಿ. 2004 ಹಾಕ್ಲಾ?" ನಾನು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವನು ಒತ್ತಿದ. ಕ್ಷಣದಲ್ಲಿ ನನ್ನ ಮಗ ಇಪ್ಪತ್ತು ದಾಟಿದ.

ಬಸ್ಸಿನಲ್ಲಿ ಆಗಬೇಕಿದ್ದದ್ದು ಇದರ ಉಲ್ಟಾ. ನಮ್ಮ ಅತ್ತೆಗೆ ಟಿಕೆಟ್ ವಿಷಯದಲ್ಲಿ ಮೊಮ್ಮಗ ಬೆಳೆಯುವುದೇ ಇಲ್ಲ. ಆರು ವರ್ಷದವರೆಗೆ ಟಿಕೆಟ್ ಬೇಡ ಅಲ್ವಾ, ಅದಕ್ಕೆ ಏಳು ತುಂಬುವವರೆಗೂ ಐದೇ ಹೇಳಿದರು. ಹನ್ನೆರಡರವರೆಗೆ ಅರ್ಧ ಟಿಕೆಟ್. ಏಪ್ರಿಲ್‌ನಲ್ಲೇ ಅವನಿಗೆ 12 ತುಂಬಿದೆ, ಆದರೆ ಹೋಗುವಾಗ "ಹನ್ನೊಂದು" ಅಂದಿದ್ದರು. ನಾನು ಕಿಟಕಿ ಕಡೆ ನೋಡುತ್ತಾ ಕೂತಿದ್ದೆ. ಅದೇ ನನ್ನ ಕೆಲಸ ಅಂತ ಈಗ ಅನ್ನಿಸುತ್ತಿದೆ, ಕಿಟಕಿ ಕಡೆ ನೋಡುವುದು.

"ಹನ್ನೆರಡು ತುಂಬಿದೆ, ಫುಲ್ ಕೊಡಿ" ಅಂದೆ. ಕಂಡಕ್ಟರ್ ನಗುತ್ತಾ ಟಿಕೆಟ್ ಹರಿದು ಅವನ ಕೈಗೇ ಕೊಟ್ಟರು. ಪಾಲಿಬೆಟ್ಟ ಬರುವವರೆಗೂ ಅತ್ತೆ ಮಾತಾಡಲಿಲ್ಲ.

ಮರುದಿನ ಜೂನ್ 1. ಬೆಳಿಗ್ಗೆಯೇ ನನ್ನ ಫೋನಿಗೆ ಬ್ಯಾಂಕಿನಿಂದ, ಇನ್ಶೂರೆನ್ಸಿನಿಂದ ಹುಟ್ಟುಹಬ್ಬದ ಶುಭಾಶಯ. ನಾನು ಹುಟ್ಟಿದ್ದು ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ, ಹೊಳೆ ತುಂಬಿ ಸೂಲಗಿತ್ತಿ ಬರುವುದೇ ತಡವಾಗಿತ್ತಂತೆ. ಒಂದನೇ ಕ್ಲಾಸಿಗೆ ವಯಸ್ಸು ಸಾಲದು ಅಂತ ಹೆಡ್‌ಮಾಸ್ಟರು ಜೂನ್ 1 ಬರೆದುಕೊಂಡರು. ನನ್ನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಅದೇ ದಿನ ಹುಟ್ಟಿದವರು! ಆ ಮೆಸೇಜುಗಳನ್ನು ನೋಡಿ ಪ್ರತಿವರ್ಷ ನಗುತ್ತಿದ್ದೆ. ಈ ಸಲ ನಗು ಬರಲಿಲ್ಲ. ಒಬ್ಬರು ಶಾಲೆಗೆ ಸೇರಿಸಲು ಎರಡು ತಿಂಗಳು ದೊಡ್ಡವಳನ್ನಾಗಿ ಮಾಡಿದರು, ಒಬ್ಬರು ಹತ್ತು ರೂಪಾಯಿ ಉಳಿಸಲು ಚಿಕ್ಕವನನ್ನಾಗಿ ಮಾಡುತ್ತಾರೆ. ಯಾರದ್ದೂ ಕೆಟ್ಟ ಉದ್ದೇಶ ಅಲ್ಲ. ಎಲ್ಲರೂ ಒಳ್ಳೆಯದಕ್ಕೇ ಮಾಡಿದ್ದು. ಆದರೆ ಅವನು ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ನನ್ನ ಹತ್ತಿರ ಒಂದು ಉತ್ತರ ಇಲ್ಲ. ಬಸ್ಸಿಗೆ ಹನ್ನೆರಡಕ್ಕೇ ದೊಡ್ಡವನು. ವಾಟ್ಸಾಪಿನಲ್ಲಿ ಸ್ವಂತ ಖಾತೆಗೆ ಹದಿಮೂರು ಬೇಕು. 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ನೋಡಿದರೆ 18 ತುಂಬುವವರೆಗೆ ಮಗುವೇ. ತೋಟದ ರಸ್ತೆಯಲ್ಲಿ ಒಬ್ಬನೇ ನಡೆಯಲು ಎಷ್ಟಾಗಿರಬೇಕು ಅಂತ ಮಾತ್ರ ಯಾರೂ ಬರೆದಿಲ್ಲ.

ಅಂದು ರಾತ್ರಿ ಕೂತು ಫೋನನ್ನು ರೀಸೆಟ್ ಮಾಡಿದೆ. ನಿಜವಾದ ವರ್ಷ ಹಾಕಿದೆ. ಅಂಗಡಿ ಹುಡುಗ ಹೇಳಿದ ಹಾಗೆಯೇ ಆಯಿತು, ನನ್ನ ಖಾತೆ ಕೇಳಿತು, ಮಕ್ಕಳ ಫೋನನ್ನು ಅಪ್ಪ ಅಮ್ಮ ನೋಡಿಕೊಳ್ಳುವ ಗೂಗಲ್ ಆ್ಯಪ್ ಫ್ಯಾಮಿಲಿ ಲಿಂಕ್ ಹಾಕಿಕೊಳ್ಳಲು ಹೇಳಿತು. ಯಾವ ಆ್ಯಪ್ ಬೇಕಾದರೂ ಈಗ ನನ್ನ ಒಪ್ಪಿಗೆ ಬೇಕು. ರಾತ್ರಿ ಎಂಟೂವರೆಗೆ ಬೀಗ. ಯೂಟ್ಯೂಬಿಗೆ ಏನು ಮಾಡುವುದು ಅಂತ ಇವರ ಜೊತೆ ಒಂದು ಸಣ್ಣ ಜಗಳ, ಅದು ಇನ್ನೂ ಮುಗಿದಿಲ್ಲ.

ನಮ್ಮ ಮನೆಯಲ್ಲಿ ರೇಂಜ್ ಸಿಗುವುದು ಹಿಂದಿನ ಜಗಲಿಯ ಮೂಲೆಯಲ್ಲಿ ಮಾತ್ರ. ಮಂಗಳವಾರ ಕರೆಂಟೂ ಇಲ್ಲ, ವೈಫೈಯೂ ಇಲ್ಲ. ಜಗಲಿಯಲ್ಲಿ ನಿಂತು ಅವನಿಗೆ ಹದಿನೈದು ನಿಮಿಷ ಜಾಸ್ತಿ ಕೊಟ್ಟೆ, ಒಳಗಿದ್ದ ಫೋನಿಗೆ ಅದು ತಲುಪಲೇ ಇಲ್ಲ. ನನ್ನ ಆ್ಯಪಿನಲ್ಲಿ ಪೇರೆಂಟ್ ಕೋಡ್ ಅಂತ ಒಂದು ನಂಬರ್ ಬರುತ್ತದೆ. ನೆಟ್ ಇಲ್ಲದಿದ್ದರೂ ಅದನ್ನು ಅವನ ಫೋನಿನಲ್ಲಿ ಒತ್ತಿದರೆ ಬೀಗ ತೆರೆಯುತ್ತದೆ. ಒತ್ತುವಾಗ ಕೈ ಅಡ್ಡ ಹಿಡಿದೆ. ಅವನು ಪಾಪ, ತಾನಾಗಿಯೇ ಮುಖ ಆ ಕಡೆ ತಿರುಗಿಸಿದ. ಪಾರದರ್ಶಕ ಕವರಿನ ಹಿಂದೆ ಆ ಫುಲ್ ಟಿಕೆಟ್ ಮಡಚಿ ಇಟ್ಟುಕೊಂಡಿದ್ದಾನೆ. ಆಗಲೇ ಕಂಡದ್ದು.

ಉಳಿದಿರುವುದು ವಾಟ್ಸಾಪ್. ಆನೆ ಎಲ್ಲಿದೆ ಅಂತ ನಮ್ಮ ಕಡೆ ಮೆಸೇಜ್ ಬರುವುದೇ ಅಲ್ಲಿನ ಒಂದು ಗ್ರೂಪಿನಲ್ಲಿ. ಫೋನು ಕೊಡಿಸಿದ್ದೇ ಆನೆಗೆ ಹೆದರಿ, ಆನೆಯ ಸುದ್ದಿ ಬರುವ ಜಾಗಕ್ಕೆ ಅವನಿಗೆ ವಯಸ್ಸಿಲ್ಲ. ಅಂಗಡಿ ಹುಡುಗನ ಮಾತು ಅಷ್ಟೊಂದು ತಪ್ಪಲ್ಲ ಅಂತ ದಿನಕ್ಕೆರಡು ಸಲ ಅನ್ನಿಸುತ್ತದೆ.

ಬುಧವಾರ ಸಂಜೆ ಗ್ರೂಪಿನಲ್ಲಿ ಬಂತು: ಮೂರು ಆನೆ, ಒಂದು ಮರಿ, ನಮ್ಮ ಕೆರೆಯ ಹತ್ತಿರ. ಜಗಲಿಗೆ ಓಡಿ ಅವನಿಗೆ ಫೋನ್ ಮಾಡಿದೆ. ಎರಡು ಸಲ ರೇಂಜಿಲ್ಲ. ಮೂರನೇ ಸಲ ಎತ್ತಿದ.

"ಗೊತ್ತಮ್ಮಾ. ಬಸ್‌ಸ್ಟಾಪ್ ಅಂಗಡಿಯ ಮಾಮನ ಮೊಬೈಲಿಗೂ ಬಂತು. ಇಲ್ಲೇ ಕೂರಿಸಿಕೊಂಡಿದ್ದಾರೆ. ಅಪ್ಪನಿಗೆ ಜೀಪು ತರಕ್ಕೆ ಹೇಳು."