ಮಲ್ಲಯ್ಯನ ದಾರಿಯಲ್ಲಿ ಒಂದು ಮಧ್ಯಾಹ್ನ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಹಗಲೂ ರಾತ್ರಿ ಜನ. ಬೆಳಗಾವಿ, ವಿಜಯಪುರದ ಹಳ್ಳಿಗಳಿಂದಲೂ ಶ್ರೀಶೈಲ ಮಲ್ಲಯ್ಯನ ದರ್ಶನಕ್ಕೆ ನಡೆದೇ ಹೋಗುತ್ತಾರೆ. ಕೆಲವರ ಹೆಗಲ ಮೇಲೆ ಮಲ್ಲಯ್ಯನ ಹೆಸರಲ್ಲಿ ಹೊರುವ ಕಂಬಿ ಇರುತ್ತದೆ, ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ದಾರಿಯುದ್ದಕ್ಕೂ ಪೆಂಡಾಲ್. ಒಂದು ಕಡೆ ಮಜ್ಜಿಗೆ, ಒಂದು ಕಡೆ ರೊಟ್ಟಿ-ಪಲ್ಯ, ಇನ್ನೊಂದು ಕಡೆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವವರು. ಈಸ್ಟರ್‌ಗೆ ಮುಂಚಿನ, ನಮ್ಮ ಕ್ರೈಸ್ತರ 40 ದಿನಗಳ ಲೆಂಟ್ ಉಪವಾಸದ ಕಾಲವೂ ಸಾಮಾನ್ಯವಾಗಿ ಇದೇ ಹೊತ್ತಿಗೆ ಬರುತ್ತದೆ.

ನಾನು ನರ್ಸ್. ಹೋದ ವರ್ಷ ನಮ್ಮ ಚರ್ಚ್ ಸಭೆಯ ಕೆಲವು ಹೆಂಗಸರು ಸೇರಿ ಹುನಗುಂದದ ಹತ್ತಿರ ಒಂದು ಪೆಂಡಾಲ್‌ನಲ್ಲಿ ಡ್ರೆಸ್ಸಿಂಗ್ ಮಾಡಲು ಕೂತಿದ್ದೆವು. ಪೆಂಡಾಲ್ ಹಾಕಿಸಿದವರು ಅಡತಿ ಅಂಗಡಿಯ ಒಬ್ಬ ಸಾವ್ಕಾರರು. "ಬರ್ರಿ ಅಕ್ಕಾರ, ಕಾಲು ನೋಡೋರು ಬೇಕಾಗಿತ್ತು" ಅಂತ ತಾವೇ ಮೇಜು ಎಳೆದು ಹಾಕಿಕೊಟ್ಟರು. ಹೊರಡುವಾಗ ನಮ್ಮವರೊಬ್ಬರು ಸುವಾರ್ತೆಯ ಕರಪತ್ರ ಒಯ್ಯೋಣವೇ ಅಂದಿದ್ದರು. ಬೇಡ ಅಂದೆ. ಕಾಲು ಹುಣ್ಣಾಗಿ ಕೂತವನು ನಾವು ಏನು ಕೊಟ್ಟರೂ ಬೇಡ ಅನ್ನಲಾರ. ಅಂಥ ಹೊತ್ತಿನಲ್ಲಿ ಔಷಧಿಯ ಜೊತೆ ಇನ್ನೊಂದನ್ನು ಕೈಗಿಡುವುದು ನನಗೆ ಸರಿ ಕಾಣುವುದಿಲ್ಲ.

ಬಂದವರಲ್ಲಿ ಜಾಸ್ತಿ ಜನಕ್ಕೆ ಪಾದದ ಮೇಲೆ ನೀರುಗುಳ್ಳೆ. ಚರ್ಮ ಕೀಳದೆ ತೊಳೆದು, ಒರೆಸಿ, ಪಟ್ಟಿ ಹಾಕಿದರೆ ಸಾಕು. ಮಧ್ಯಾಹ್ನ ಒಬ್ಬ ಅಜ್ಜ ಬಂದರು. ತಾವಾಗಿ ಬರಲಿಲ್ಲ, ಜೊತೆಯವರು ತೋಳು ಹಿಡಿದು ಕೂರಿಸಿದರು. ನಾನು ಪಾದಕ್ಕೆ ಕೈ ಹಾಕಿದ ಕೂಡಲೇ ಹಿಂದಕ್ಕೆಳೆದುಕೊಂಡರು.

"ಬ್ಯಾಡವಾ, ನೀ ನನ್ನ ಕಾಲು ಮುಟ್ಟಬ್ಯಾಡ."

ಯೇಸು ಶಿಷ್ಯರ ಪಾದ ತೊಳೆಯಲು ಬಂದಾಗ ಪೇತ್ರನೂ ಹೀಗೇ ಬೇಡ ಅಂದಿದ್ದ. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದು ಕಷ್ಟ ಇರಬೇಕು.

"ನಾ ನಿಮ್ಮ ಮಗಳಿದ್ದಂಗ ಅಜ್ಜಾ. ಸ್ವಲ್ಪ ನೋಡ್ತೀನಿ, ಅಷ್ಟೇ" ಅಂದ ಮೇಲೆ ಕಾಲು ಚಾಚಿದರು.

ಹೆಬ್ಬೆರಳ ಕೆಳಗೆ ಒಂದು ಜಾಲಿ ಮುಳ್ಳು ಮುರಿದುಕೊಂಡು ಕೂತಿತ್ತು. ಸುತ್ತ ಕೆಂಪಾಗಿ ಕೀವು ತುಂಬಿತ್ತು, ಪಾದ ಬಿಸಿ ಇತ್ತು. "ನೋವಿಲ್ಲೇನು?" ಅಂದರೆ "ಏನೂ ಗೊತ್ತಾಗೂದಿಲ್ಲ" ಅಂದರು. ಆಗಲೇ ನನ್ನ ಎದೆ ಧಸಕ್ಕೆಂದಿತು. ಶುಗರ್ ಬಹಳ ವರ್ಷದ್ದಾದರೆ ಪಾದದ ನರಗಳು ಮಂಕಾಗುತ್ತವೆ. ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಹುಣ್ಣು ಒಳಗೊಳಗೇ ಬೆಳೆದರೆ ಬೆರಳು, ಕೆಲವೊಮ್ಮೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ. ಕೇಳಿದರೆ, ಶುಗರ್ ಗುಳಿಗೆ ಮನೆಯಲ್ಲೇ ಬಿಟ್ಟು ಬಂದಿದ್ದರು.

ತೊಳೆದು ಪಟ್ಟಿ ಸುತ್ತಿದೆ. ಇನ್ನು ನಡೆಯಬಾರದು, ಇವತ್ತೇ ದವಾಖಾನೆಗೆ ಹೋಗಬೇಕು ಅಂದೆ. ಅಜ್ಜ ಒಪ್ಪಲಿಲ್ಲ. ಹರಕೆ ಹೊತ್ತು ಹೊರಟವರಿಗೆ ಅರ್ಧ ದಾರಿಯಲ್ಲಿ ತಿರುಗಿ ಹೋಗು ಅನ್ನುವುದು ಸಣ್ಣ ಮಾತಲ್ಲ. ನನ್ನ ಉಪವಾಸವನ್ನು ಯಾರಾದರೂ ನಡುವೆ ಮುರಿ ಅಂದರೆ ನನಗೂ ಹಾಗೇ ಅನ್ನಿಸುತ್ತದೆ ಅಲ್ವಾ? ಅದಕ್ಕೇ ಹೆದರಿಸಲು ಹೋಗಲಿಲ್ಲ. ಕೊನೆಗೆ ದಾರಿ ಮಾಡಿಕೊಟ್ಟವರು ಸಾವ್ಕಾರರೇ. "ನಿನ್ನ ಕಾಯಿ ಇವರ ಕೈಯಾಗ ಕೊಡು ಕಾಕಾ. ಮಲ್ಲಯ್ಯಗ ಮುಟ್ಟತೈತಿ. ಕಾಲು ಉಳದ್ರ ಮುಂದಿನ ವರ್ಷ ನೀನಽ ಹೋಗೀಯಂತ" ಅಂದರು. ಅಜ್ಜ ಸುಮ್ಮನೆ ಕೂತು, ಆಮೇಲೆ ಚೀಲದಿಂದ ತೆಂಗಿನಕಾಯಿ ತೆಗೆದು ಜೊತೆಯವರಿಗೆ ಕೊಟ್ಟರು.

ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ, ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನಿಗೆ ನೆರವಾದ ಸಮಾರ್ಯದವನ ಕಥೆ ಇದೆ. ಅದರಲ್ಲಿ ನನಗೆ ಬಹಳ ಹಿಡಿಸುವುದು ಎಣ್ಣೆ-ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ ಮೇಲಿನ ಭಾಗ. ಅವನು ಗಾಯಾಳುವನ್ನು ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ಯುತ್ತಾನೆ. ಮರುದಿನ ಛತ್ರದವನಿಗೆ ಎರಡು ದಿನದ ಕೂಲಿಯಷ್ಟು ಹಣ ಕೊಡುತ್ತಾನೆ. ಜಾಸ್ತಿ ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಅನ್ನುತ್ತಾನೆ. ಕನಿಕರ ಒಂದು ಕ್ಷಣದಲ್ಲಿ ಬಂದಿರಬಹುದು, ಕೆಲಸ ಮಾತ್ರ ಮರುದಿನಕ್ಕೂ ಉಳಿದಿತ್ತು.

ಸಾವ್ಕಾರರ ಗಾಡಿಯಲ್ಲೇ ಅಜ್ಜನನ್ನು ದವಾಖಾನೆಗೆ ಕರೆದುಕೊಂಡು ಹೋದೆವು. ಮಗನಿಗೆ ಫೋನ್ ಮಾಡಿದೆವು. ಅವನು ಬರುವ ತನಕ ನಮ್ಮಲ್ಲಿ ಒಬ್ಬರು ಹಾಸಿಗೆ ಪಕ್ಕ ಇದ್ದರು. ಆಮೇಲೂ ನಾನು ಆಗಾಗ ಫೋನ್ ಮಾಡಿ ಡ್ರೆಸ್ಸಿಂಗ್ ತಪ್ಪಿಸಬೇಡಿ, ಬರಿಗಾಲಲ್ಲಿ ಹೊಲಕ್ಕೆ ಬಿಡಬೇಡಿ ಅಂತ ಹೇಳುತ್ತಿದ್ದೆ. ಹುಣ್ಣು ಮಾಯಿತು. ಬೆರಳು ಉಳಿಯಿತು.

ಈ ಸಲದ ತಯಾರಿ ಈಗಲೇ ನಡೆದಿದೆ. ಶುಗರ್ ನೋಡುವ ಮಷಿನ್ ಕೊಂಡಿದ್ದೇವೆ. ಪಾದ ತೋರಿಸಲು ಕೂತ ಪ್ರತಿಯೊಬ್ಬರಿಗೂ ಮೊದಲು "ಶುಗರ್ ಐತೇನ್ರಿ? ಗುಳಿಗಿ ತಂದೀರೇನು?" ಅಂತ ಕೇಳಬೇಕೆಂದು ಮಾತಾಡಿಕೊಂಡಿದ್ದೇವೆ. ಗಾಡಿಯ ಡೀಸೆಲ್ ಖರ್ಚು ನಮ್ಮ ಸಭೆಯದು ಅಂದರೆ ಸಾವ್ಕಾರರು ಇನ್ನೂ ಒಪ್ಪಿಲ್ಲ.