ಸಂಕದ ಮೇಲೆ ಲಾರಿ

ಆಟಿ ತಿಂಗಳ ಮಳೆ. ಬೆಳಿಗ್ಗೆ ಏಳಕ್ಕೇ ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಸಂಸ್ಥೆಯ ಕಚೇರಿಯಿಂದ ಫೋನು. "ಎಂತ ಮಾರಾಯ್ರೇ, ನಿಮ್ಮ ಸ್ಟೋರೇಜು ನಿನ್ನೆಯಿಂದ ಆಗಾಗ ಸತ್ತ ಹಾಗೆ ಕೂತುಬಿಡ್ತದೆ. ಸ್ವಲ್ಪ ಹೊತ್ತು ಬಿಟ್ಟು ತಾನೇ ಏಳ್ತದೆ" ಎಂದರು ಮೇನೇಜರು. 'ನಿಮ್ಮ' ಎಂಬ ಮಾತು ಚುಚ್ಚಿತು. ಆರು ತಿಂಗಳ ಹಿಂದೆ ಅದನ್ನು ಕೂರಿಸಿದವ ನಾನೇ.

ಅಲ್ಲಿರುವುದು ಎರಡು ಸರ್ವರ್, ಒಂದು ಸ್ಟೋರೇಜ್ ಪೆಟ್ಟಿಗೆ, ನಡುವೆ ಅವನ್ನು ಕೇಬಲ್ಲುಗಳಿಂದ ಜೋಡಿಸುವ ಎರಡು ನೆಟ್‌ವರ್ಕ್ ಸ್ವಿಚ್. ಡಿಸ್ಕಿನ ಓದು ಬರಹವೆಲ್ಲ ಐಸ್ಕಸಿ ಮೂಲಕ, ಅಂದರೆ ಮಾಮೂಲು ನೆಟ್‌ವರ್ಕ್ ಕೇಬಲ್ಲಿನಲ್ಲೇ ಹರಿಯುತ್ತದೆ. ಎರಡು ಪೋರ್ಟುಗಳನ್ನು ಒಟ್ಟು ಕಟ್ಟಿ ಒಂದೇ ದಾರಿ ಮಾಡುವವರುಂಟು. ನನಗೆ ಅದು ಹಿಡಿಸದು. ಎರಡು ಸ್ವಿಚ್, ಎರಡು ಪ್ರತ್ಯೇಕ ದಾರಿ, ಯಾವುದರಲ್ಲಿ ಹೋಗಬೇಕೆಂದು ಸರ್ವರಿನ ಮಲ್ಟಿಪಾತ್ ನೋಡಿಕೊಳ್ಳಲಿ.

ಹೋಗಿ ಪಿಂಗ್ ಮಾಡಿದೆ, ಅಂದರೆ ಆಚೆ ತುದಿ ಉತ್ತರ ಕೊಡುತ್ತದೋ ಎಂದು ಸಣ್ಣ ಸಂದೇಶ ಕಳಿಸಿ ನೋಡಿದೆ. ಎರಡೂ ದಾರಿಯಲ್ಲಿ ಉತ್ತರ ಬಂತು. ಐಸ್ಕಸಿ ಲಾಗಿನ್ ಆಗಿತ್ತು, ಡಿಸ್ಕ್ ಕಾಣುತ್ತಿತ್ತು. ಸಣ್ಣ ಫೈಲು ತೆರೆದರೆ ಸರಿಯೇ. ದೊಡ್ಡದನ್ನು ಕಾಪಿ ಮಾಡಹೊರಟರೆ ಮಾತ್ರ ಅರ್ಧದಲ್ಲಿ ನಿಂತು ಬಾಯಿ ಬಿಡುತ್ತಿತ್ತು. ಒಂದು ಗಂಟೆ ಸ್ಟೋರೇಜನ್ನೇ ಬೈದೆ, ಡಿಸ್ಕ್ ಹೋಗಿರಬೇಕೆಂದು ಮೇನೇಜರನ್ನೂ ಹೆದರಿಸಿದೆ.

ಆಮೇಲೆ ಆಪರೇಟರ್ ಹುಡುಗಿ, "ಅಣ್ಣಾ, ಮೊನ್ನೆ ರಾತ್ರಿಯಿಡೀ ಕರೆಂಟಿರಲಿಲ್ಲ. ಆ ಕೆಳಗಿನ ಯುಪಿಎಸ್ ಮೊದಲೇ ಬಿದ್ದುಹೋಯಿತು" ಎಂದಳು. ಕೆಳಗಿನ ಯುಪಿಎಸ್ಸಿನಲ್ಲಿದ್ದದ್ದು ಎರಡನೆಯ ಸ್ವಿಚ್ ಒಂದೇ. ಕೇಬಲ್ಲಿನ ಚೀಟಿಗಳನ್ನು ವೈರಿಂಗಿನವರು ಮಲಯಾಳದಲ್ಲಿ ಬರೆದಿದ್ದರು. ಕನ್ನಡ ಮೀಡಿಯಮ್ಮಿನ ನನಗೆ ಬಸ್ಸಿನ ಬೋರ್ಡು ನೋಡಿ ಕಲಿತಷ್ಟೇ ಮಲಯಾಳ. ಅಕ್ಷರ ಕೂಡಿಸಿಕೊಂಡು ಎರಡನೆಯ ಸ್ವಿಚ್ಚಿನ ದಾರಿ ಹಿಡಿದೆ.

ಈ ಸಲ ದಾರಿಯಲ್ಲಿ ತುಂಡಾಗಬಾರದೆಂದು ಷರತ್ತು ಹಾಕಿ 8972 ಬೈಟಿನ ಪಿಂಗ್ ಕಳಿಸಿದೆ. ಜಂಬೋ ಫ್ರೇಮ್ ಅಂದರೆ ಮಾಮೂಲು 1500 ಬೈಟಿನ ಬದಲು 9000ದ ದೊಡ್ಡ ಕಟ್ಟು. ಅದರಲ್ಲಿ ಐಪಿ ತಲೆಬರಹದ 20, ಪಿಂಗಿನದೇ ತಲೆಬರಹವಾದ ಐಸಿಎಂಪಿಯ 8 ಕಳೆದರೆ ಉಳಿಯುವುದು ಅಷ್ಟು. ಮೊದಲನೆಯ ದಾರಿಯಲ್ಲಿ ಹೋಗಿ ಬಂತು. ಎರಡನೆಯದರಲ್ಲಿ ಸದ್ದಿಲ್ಲ. ಸ್ವಿಚ್ಚಿನ ಒಳಹೊಕ್ಕು ನೋಡಿದರೆ ಎಂಟಿಯು, ಅಂದರೆ ಒಂದು ಕಟ್ಟಿನ ಗಾತ್ರದ ಮಿತಿ, 1500. 9000 ಆರಾಮವಾಗಿ ಹಿಡಿಯಲೆಂದು ನಾನು 9216 ಹಾಕಿದ್ದು ಚೆನ್ನಾಗಿ ನೆನಪುಂಟು.

ಹಾಕಿದ್ದೆ, ಸೇವ್ ಮಾಡಿರಲಿಲ್ಲ. ಐಸ್ಕಸಿಗೆ ಬೇರೆ ವಿಲ್ಯಾನ್ (ಸ್ವಿಚ್ಚಿನೊಳಗೇ ಪ್ರತ್ಯೇಕ ಜಾಲ), ದಟ್ಟಣೆಯಾದರೆ ತಡೆಯುವ ಫ್ಲೋ ಕಂಟ್ರೋಲ್, ಜಾಲ ಸುತ್ತಿಕೊಳ್ಳದಂತೆ ನೋಡುವ ಸ್ಪ್ಯಾನಿಂಗ್ ಟ್ರೀಯ 30 ಸೆಕೆಂಡನ್ನು ಸರ್ವರಿನ ಪೋರ್ಟುಗಳು ಕಾಯದ ಹಾಗೆ ಎಡ್ಜ್ ಪೋರ್ಟ್, ಎಲ್ಲ ಮಾಡಿ ಸೇವ್ ಮಾಡಿದ್ದೆ. ಕೊನೆಗೆ ಜಂಬೋ ಹಾಕುವಾಗ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಮೊದಲನೆಯದರಲ್ಲಿ ಸೇವ್ ಕೊಟ್ಟೆ, ಎರಡನೆಯದರಲ್ಲಿ ಬ್ಯಾಗು ಹೆಗಲಿಗೆ ಹಾಕಿದ್ದೆ. ಆರು ತಿಂಗಳು ಅದು ನೆನಪಿನ ಬಲದಲ್ಲೇ ಓಡಿತ್ತು. ಕರೆಂಟು ಹೋಯಿತು, ನೆನಪೂ ಹೋಯಿತು.

ಮೇನೇಜರಿಗೆ ವಿವರಿಸಿದೆ. ಸರ್ವರ್, ಸ್ಟೋರೇಜ್ ಎರಡು ತುದಿಯವರೂ 9000ಕ್ಕೆ ಒಪ್ಪಿಕೊಂಡಿದ್ದಾರೆ, ನಡುವಿನ ಸ್ವಿಚ್ಚಿಗೆ ಗೊತ್ತಿಲ್ಲ. ದೊಡ್ಡ ಫ್ರೇಮ್ ಬಂದರೆ ತುಂಡು ಮಾಡುವುದಿಲ್ಲ, ಬಿಸಾಡುತ್ತದೆ. ಬಿಸಾಡಿದೆನೆಂದು ಹೇಳುವುದೂ ಇಲ್ಲ.

"ಆಟೋ ಹೋಗುವ ಸಂಕದಲ್ಲಿ ಅಡಿಕೆ ಲಾರಿ ಬಿಟ್ಟ ಹಾಗೆ" ಎಂದರು.

ಸಂಕವೆಂದರೆ ನಮ್ಮ ಕಡೆಯ ಸಣ್ಣ ಸೇತುವೆ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ದಾರಿ ಉಂಟೋ ಇಲ್ಲವೋ ಎಂದು ವಿಚಾರಿಸುವ ಐಸ್ಕಸಿಯ ನೋಪ್ ಸಂದೇಶ ಆಟೋದ ಹಾಗೆ ಚಿಕ್ಕದು, ದಾಟಿ ಬರುತ್ತಿತ್ತು. ಅದನ್ನು ನಂಬಿ ಮಲ್ಟಿಪಾತ್ ಲಾರಿಗಳನ್ನು ಅತ್ತ ಕಳಿಸುತ್ತಲೇ ಇತ್ತು. ಸ್ವಿಚ್ ಪೂರ್ತಿ ಸತ್ತಿದ್ದರೆ ಒಳ್ಳೆಯದಿತ್ತು. ಎಲ್ಲ ಮೊದಲನೆಯ ದಾರಿಗೆ ತಿರುಗಿ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಷ್ಟು ಸಣ್ಣ ಕಚೇರಿಗೆ ಜಂಬೋ ಬೇಕಿತ್ತೇ ಎಂದು ಈಗ ಅನಿಸುತ್ತದೆ. ಎಲ್ಲ ಕಡೆ 1500 ಇದ್ದರೆ ಇಷ್ಟು ರಗಳೆ ಇಲ್ಲ.

9216 ಹಾಕಿ ಸೇವ್ ಕೊಟ್ಟೆ. ನಂಬಿಕೆ ಬಾರದೆ ಎರಡನೆಯ ಸ್ವಿಚ್ಚಿನ ಪ್ಲಗ್ ಕಿತ್ತೆ. ಓಡುತ್ತಿದ್ದ ಕಾಪಿ ಕೆಲವು ಸೆಕೆಂಡು ತಡವರಿಸಿ ಮುಂದುವರಿಯಿತು. ಮತ್ತೆ ಚುಚ್ಚಿ, ಅದು ಎದ್ದ ಮೇಲೆ 8972 ಕಳಿಸಿದೆ. ಉತ್ತರ ಬಂತು. ಮೊದಲನೆಯದಕ್ಕೂ ಅದೇ ಉಪಚಾರ.

ಹೊರಡುವಾಗ ಮೇನೇಜರು, "ಬಿಲ್ಲು ಎಷ್ಟು ಮಾಡುವುದು?" ಎಂದರು. ತಪ್ಪು ನನ್ನದೇ ಎಂದೆ. ಅವರು ನಕ್ಕು ಬಸ್ಸಿನ ಖರ್ಚು ಕೊಟ್ಟರು. ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿಸಿ ಎಂದು ಎರಡು ಸಲ ಹೇಳಿ, ಕೊಡೆ ಬಿಡಿಸಿದೆ.