ಕ್ರಾಕೋವ್‌ನ ಬೇಸಿಗೆಯಲ್ಲಿ ಅಮ್ಮ ಕೇಳಿದ ಕ್ಲೆಜ್ಮರ್

ಜೂನ್ ಕೊನೆಗೆ ಪೋಲೆಂಡಿನ ಕ್ರಾಕೋವ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಆ ಹೊತ್ತಿಗೆ ಊರಿನ ಹಳೆಯ ಯಹೂದಿ ಬಡಾವಣೆ ಕಜೀಮಿಯೆಶ್ನಲ್ಲಿ ಎಲ್ಲಿ ನಡೆದರೂ ಒಂದು ಕ್ಲಾರಿನೆಟ್ಟೋ ಅಕಾರ್ಡಿಯನ್ನೋ ಕಿವಿಗೆ ಬೀಳುತ್ತದೆ. ನುಡಿಸುವುದು ಕ್ಲೆಜ್ಮರ್, ಅಂದರೆ ಪೂರ್ವ ಯುರೋಪಿನ ಯಹೂದಿಗಳ ವಾದ್ಯಸಂಗೀತ. ಇಲ್ಲಿನ ಯಹೂದಿ ಸಂಸ್ಕೃತಿ ಉತ್ಸವ ನಡೆಯುವುದು ಬೇಸಿಗೆಯಲ್ಲೇ. ಗಾಲಿಶಿಯಾ ಯಹೂದಿ ಸಂಗ್ರಹಾಲಯದಲ್ಲೂ ಬೇಸಿಗೆಯುದ್ದಕ್ಕೂ ಸಂಜೆ ಕಚೇರಿಗಳಿರುತ್ತವೆ. ಕೆಲಸಕ್ಕೆಂದು ಈ ಊರಿಗೆ ಬಂದಾಗಿನಿಂದ ನಾನು ಆ ಸಂಗ್ರಹಾಲಯಕ್ಕೆ ಹೋಗುತ್ತಿದ್ದೇನೆ. ಹೋದ ಬೇಸಿಗೆಯಲ್ಲಿ ಮೈಸೂರಿನಿಂದ ಅಮ್ಮ ಬಂದಿದ್ದರು, ಅವರನ್ನೂ ಕರೆದುಕೊಂಡು ಹೋದೆ.

ಅಮ್ಮ ಸಂಗೀತದ ಮೇಷ್ಟ್ರು. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾರೆ. ಯಾವ ಊರಿಗೆ ಹೋದರೂ ಅಲ್ಲಿನ ಹಾಡು ಕೇಳಬೇಕು ಅವರಿಗೆ, ಅರಮನೆ ಕೋಟೆ ಎಲ್ಲ ಆಮೇಲೆ.

ಸಂಗ್ರಹಾಲಯ ಇರುವುದು ಡೈವುರ್ ಬೀದಿಯಲ್ಲಿ. ಕ್ರಿಸ್ ಶ್ವಾರ್ಟ್ಸ್ ಎಂಬ ಬ್ರಿಟಿಷ್ ಫೋಟೋಗ್ರಾಫರ್ 2004ರಲ್ಲಿ ಇದನ್ನು ಶುರು ಮಾಡಿದರು. ದಕ್ಷಿಣ ಪೋಲೆಂಡಿನ ಸಣ್ಣ ಊರುಗಳಲ್ಲಿ ಸುತ್ತಾಡಿ, ಅಲ್ಲಿ ಯಹೂದಿಗಳ ಬದುಕಿನದ್ದು ಏನು ಉಳಿದಿದೆ ಅಂತ ಹುಡುಕಿ ಅವರು ಫೋಟೋ ತೆಗೆದಿದ್ದರು. ಜೊತೆಗೆ ಜೊನಾಥನ್ ವೆಬ್ಬರ್ ಎಂಬ ಮಾನವಶಾಸ್ತ್ರಜ್ಞರಿದ್ದರು. ಆ ಫೋಟೋಗಳೇ ಸಂಗ್ರಹಾಲಯದ ಜೀವ. ಛಾವಣಿ ಬಿದ್ದುಹೋದ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳು, ಪೊದೆ ಬೆಳೆದ ಸ್ಮಶಾನಗಳು, ಆಶೀರ್ವಾದ ಮಾಡುವ ಎರಡು ಕೈ ಕೆತ್ತಿದ ಸಮಾಧಿಕಲ್ಲುಗಳು. ಕಪ್ಪುಬಿಳುಪಲ್ಲ, ಬಣ್ಣದ ಫೋಟೋಗಳು. ಹಸಿರು ಹುಲ್ಲು, ನೀಲಿ ಆಕಾಶ, ನಿನ್ನೆ ತೆಗೆದ ಹಾಗೆ. ನಾಜಿಗಳು ಯಹೂದಿಗಳನ್ನು ಕೊಂದ ವಿಷಯ ಅಂದ ತಕ್ಷಣ ಕಪ್ಪುಬಿಳುಪು ಚಿತ್ರಗಳೇ ನೆನಪಿಗೆ ಬರುವ ನಮಗೆ ಅದು ಬೇರೆಯೇ ಥರ ತಟ್ಟುತ್ತದೆ. ಇದು ಯಾವುದೋ ಕಾಲದ್ದಲ್ಲ, ಬಸ್ಸು ಹತ್ತಿದರೆ ನಾಳೆಯೇ ಹೋಗಿ ನೋಡಬಹುದಾದ ಜಾಗ ಅನ್ನಿಸುತ್ತದೆ.

ಕಚೇರಿ ನಡೆಯುವುದು ಈ ಫೋಟೋಗಳ ನಡುವೆಯೇ. ಇಟ್ಟಿಗೆ ಗೋಡೆ, ಎತ್ತರದ ಸೂರು, ಸಾಲಾಗಿ ಕುರ್ಚಿಗಳು. ಬೇಗ ಹೋಗಿ ಅಮ್ಮ ಒಂದೊಂದೇ ಫೋಟೋ ನೋಡುತ್ತಾ ನಿಂತರು, ಕೆಳಗೆ ಬರೆದಿದ್ದನ್ನು ನಾನು ಓದಿ ಹೇಳುತ್ತಿದ್ದೆ. "ಎಷ್ಟು ಜನ ಇದ್ದರು ಇಲ್ಲಿ?" ಅಂತ ಕೇಳಿದರು. ಎರಡನೇ ಮಹಾಯುದ್ಧಕ್ಕೆ ಮೊದಲು ಈ ಊರೊಂದರಲ್ಲೇ ಸುಮಾರು 60 ಸಾವಿರ ಯಹೂದಿಗಳಿದ್ದರು, ನಾಲ್ಕು ಜನರಲ್ಲಿ ಒಬ್ಬರು ಅಂದೆ. "ಈಗ?" ಅಂದರು. ಕೆಲವು ನೂರು. ಅಮ್ಮ ಮತ್ತೇನೂ ಕೇಳಲಿಲ್ಲ.

ಅವತ್ತು ನುಡಿಸಿದವರು ಮೂವರು. ಕ್ಲಾರಿನೆಟ್, ಅಕಾರ್ಡಿಯನ್, ಡಬಲ್ ಬಾಸ್. ಮೊದಲಿಗೆ ಡೊಯ್ನಾ ಎತ್ತಿಕೊಂಡರು. ರುಮೇನಿಯಾದ ಕಡೆಯಿಂದ ಬಂದ ಬಗೆ ಅದು, ತಾಳವಿಲ್ಲ. ಅಕಾರ್ಡಿಯನ್ ಒಂದು ಸ್ವರ ಹಿಡಿದು ನಿಂತಿರುತ್ತದೆ, ಕ್ಲಾರಿನೆಟ್ ಅದರ ಮೇಲೆ ತನಗೆ ಬೇಕಾದಷ್ಟು ಹೊತ್ತು ಸುತ್ತಾಡುತ್ತದೆ. ಅಮ್ಮನ ಕೈಬೆರಳುಗಳು ಮಡಿಲಲ್ಲಿ ಆಡತೊಡಗಿದವು, ಅಂದರೆ ಸ್ವರ ಎಣಿಸುತ್ತಿದ್ದಾರೆ ಅಂತ ಅರ್ಥ. ಒಂದು ನಿಮಿಷ ಆಗಿರಬಹುದು, ನನ್ನ ಕಿವಿಯ ಹತ್ತಿರ ಬಗ್ಗಿ, "ನೋಡೇ, ಮಾಯಾಮಾಳವಗೌಳ ಅನ್ಕೊಂಡೆ, ನಿಷಾದ ಮಾತ್ರ ಇಳಿದಿದೆ. ವಕುಳಾಭರಣ ಕಣೇ ಇದು" ಅಂದರು.

ಹೌದು, ಅದೇ. ಕ್ಲೆಜ್ಮರ್ ಬಲ್ಲವರು ಫ್ರೇಗಿಶ್ ಅಂತ ಕರೆಯುವ ಸ್ವರಶ್ರೇಣಿ. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ನಮ್ಮ ಕರ್ನಾಟಕ ಸಂಗೀತದ 14ನೇ ಮೇಳರಾಗ ವಕುಳಾಭರಣಕ್ಕೂ ಇದೇ ಸ್ವರಗಳು. ಸರಳೆ ವರಸೆ ಕಲಿತ ಯಾರಿಗಾದರೂ ರಿಷಭದಿಂದ ಗಾಂಧಾರಕ್ಕೆ ಹಾರುವ ಆ ಅಂತರ ಗೊತ್ತೇ ಇರುತ್ತದೆ, ಎಲ್ಲ ಪಾಠ ಶುರುವಾಗುವುದು ಮಾಯಾಮಾಳವಗೌಳದಲ್ಲೇ ಅಲ್ವಾ. ಇನ್ನೊಂದು ಹಾಡಿಗೆ ಪ್ರತಿ ಮಧ್ಯಮ ಬಂತು, ಗಾಂಧಾರ ಇಳಿಯಿತು. ಆಗ ಅಮ್ಮ ತಡ ಮಾಡಲೇ ಇಲ್ಲ, "ಹೇಮವತಿ" ಅಂದುಬಿಟ್ಟರು. ಅದೂ ಸರಿಯೇ. ಆದರೆ ಸ್ವರ ಒಂದೇ ಆದ ಮಾತ್ರಕ್ಕೆ ಸಂಗೀತ ಒಂದೇ ಆಗುವುದಿಲ್ಲ. ನಾವು ಗಮಕ ಹಾಕುವ ಜಾಗದಲ್ಲಿ ಇವರು ಸ್ವರವನ್ನು ಬಿಕ್ಕಳಿಸಿದ ಹಾಗೆ ಒಡೆದು ಬಿಡುತ್ತಾರೆ. ಪೂರ್ವ ಯುರೋಪಿನ ಯಹೂದಿಗಳ ಭಾಷೆ ಯಿಡ್ಡಿಷ್‌ನಲ್ಲಿ ಅದಕ್ಕೆ ಕ್ರೆಖ್ಟ್ಸ್ ಅಂತಾರೆ. ಅದು ಬಂದಾಗೆಲ್ಲ ಅಮ್ಮ ಕಣ್ಣು ಮುಚ್ಚುತ್ತಿದ್ದರು.

ನಡುವೆ ಒಬ್ಬ ಗಾಯಕಿ ಬಂದು ಮೊರ್ದೆಖಾಯ್ ಗೆಬಿರ್ಟಿಗ್ ಅವರ ಹಾಡು ಹಾಡಿದರು. ಗೆಬಿರ್ಟಿಗ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನನಗೆ ಈ ಊರು ಹತ್ತಿರವಾಗಿದ್ದೇ ಅವರಿಂದ. 1877ರಲ್ಲಿ ಇಲ್ಲೇ ಹುಟ್ಟಿದವರು. ಕಸುಬು ಮರಗೆಲಸ. ಹಗಲೆಲ್ಲ ಪೀಠೋಪಕರಣ ಮಾಡಿ, ಮಿಕ್ಕ ಹೊತ್ತಿನಲ್ಲಿ ಯಿಡ್ಡಿಷ್‌ನಲ್ಲಿ ಹಾಡು ಕಟ್ಟುತ್ತಿದ್ದರು. ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ, ಒಂದು ಸಣ್ಣ ಕೊಳಲಿನಲ್ಲಿ ಧಾಟಿ ಊದಿ ತೋರಿಸುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಬರೆದಿದ್ದು ಬೀದಿಯಲ್ಲಿ ಕಾಣುವ ಜನರ ಮೇಲೆ, ಮಕ್ಕಳ ಮೇಲೆ, ಹಾಗೆಯೇ ಜೋಗುಳಗಳು. 1936ರಲ್ಲಿ ಪ್ಷಿತಿಕ್ ಎಂಬ ಊರಲ್ಲಿ ಯಹೂದಿಗಳ ಮೇಲೆ ದಾಳಿಯಾಯಿತು. ಅದು ಅವರನ್ನು ಬಹಳ ಕಾಡಿತು. 1938ರಲ್ಲಿ 'ಎಸ್ ಬ್ರೆಂಟ್' ಬರೆದರು. ಊರು ಹೊತ್ತಿ ಉರಿಯುತ್ತಿದೆ, ಕೈಕಟ್ಟಿ ನಿಲ್ಲಬೇಡಿ ಅಂತ ಕೂಗಿ ಹೇಳುವ ಹಾಡು. ಯುದ್ಧ ಶುರುವಾಗುವುದಕ್ಕೆ ಮುಂಚೆಯೇ ಬರೆದಿದ್ದು ಅದು! 1941ರಲ್ಲಿ ನಾಜಿಗಳು ವಿಸ್ತುಲಾ ನದಿಯ ಆಚೆ ಪೊಡ್ಗುಝೆಯಲ್ಲಿ ಘೆಟ್ಟೋ ಮಾಡಿ ಊರಿನ ಯಹೂದಿಗಳನ್ನು ಅದರೊಳಗೆ ತುಂಬಿದರು. 1942ರ ಜೂನ್‌ನಲ್ಲಿ ಅಲ್ಲಿಂದ ಸಾವಿರಾರು ಜನರನ್ನು ಬೆಲ್‌ಜೆಟ್ಸ್ ಎಂಬ ಕೊಲೆ ಶಿಬಿರಕ್ಕೆ ಸಾಗಿಸಿದರು. ಜೂನ್ 4ರಂದು ಗೆಬಿರ್ಟಿಗ್ ಅವರನ್ನು ಘೆಟ್ಟೋದ ಬೀದಿಯಲ್ಲೇ ಗುಂಡಿಟ್ಟು ಕೊಂದರು.

ಆ ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಾಯಕಿಯೂ ಅದನ್ನು ಕಾಯಲಿಲ್ಲ, ನೇರ ಹೋಗಿ ಕೂತರು. ಮೂವರೂ ಒಂದು ಕ್ಷಣ ಬಿಟ್ಟು ಮದುವೆ ಕುಣಿತದ ಧಾಟಿಗಳನ್ನು ಎತ್ತಿಕೊಂಡರು. ಫ್ರೇಲಿಖ್ಸ್ ಅಂತಾರಲ್ಲ, ಕೈ ಕೈ ಹಿಡಿದು ಸುತ್ತು ಹಾಕುವಂಥದ್ದು. ಒಂದರ ಹಿಂದೆ ಒಂದು, ವೇಗ ಏರುತ್ತಲೇ ಹೋಯಿತು. ಹಿಂದಿನ ಸಾಲಿನ ಹುಡುಗಿಯರು ಎದ್ದು ಕುಣಿದರು.

ಮಿಯೊದೋವಾ ಬೀದಿಯವರೆಗೆ ನಡೆಯುತ್ತಾ ಅಮ್ಮ ಗರಂ ಆಗಿದ್ದರು. "ಆ ಹಾಡಾದ ಮೇಲೆ ನಿಲ್ಲಿಸಿಬಿಡಬೇಕಿತ್ತು. ಸುತ್ತ ಆ ಫೋಟೋಗಳು, ಆ ಮನುಷ್ಯನ ಕಥೆ, ಅದರ ಮೇಲೆ ಕುಣಿಯೋದಾ? ನಂಗೆ ಸರಿ ಕಾಣಲಿಲ್ಲ."

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕ್ಲೆಜ್ಮರ್ ಹುಟ್ಟಿದ್ದೇ ಮದುವೆ ಮನೆಯಲ್ಲಿ. ವಧುವನ್ನು ಕೂರಿಸಿ ಅಳಿಸುವ ಧಾಟಿ, ನೆಂಟರನ್ನು ಬೀದಿಯಿಂದ ಬರಮಾಡಿಕೊಳ್ಳುವ ಧಾಟಿ, ಬೆಳಗಿನ ಜಾವ ಅವರನ್ನು ಮನೆಗೆ ಕಳಿಸುವ ಧಾಟಿ, ಎಲ್ಲಕ್ಕೂ ಬೇರೆ ಬೇರೆ ಇತ್ತು. ಆ ಫೋಟೋಗಳಲ್ಲಿರುವ ಊರುಗಳಲ್ಲಿ ಜನ ಸತ್ತರು ಅನ್ನುವುದಷ್ಟೇ ನಮಗೆ ಗೊತ್ತು. ಅದಕ್ಕೆ ಮೊದಲು ನೂರಾರು ವರ್ಷ ಅಲ್ಲಿ ಮದುವೆಗಳಾದವು, ಸಾಲ ಮಾಡಿ ಊಟ ಹಾಕಿದರು, ವಾದ್ಯದವರ ಹತ್ತಿರ ಚೌಕಾಸಿ ಮಾಡಿದರು. ಬರೀ ಅಳುವ ಹಾಡುಗಳನ್ನು ಕೇಳಿ ಎದ್ದು ಬಂದರೆ, ಕೊಂದವರು ಉಳಿಸಿದ್ದನ್ನಷ್ಟೇ ನಾವೂ ನೆನಪಿಟ್ಟುಕೊಂಡ ಹಾಗಾಗುತ್ತದೆ. ಇದನ್ನೆಲ್ಲ ಅಮ್ಮನಿಗೆ ಹೇಳಿದೆ. "ಮಂಗಳ ಹಾಡದೆ ನೀನು ಯಾವತ್ತಾದರೂ ಕಚೇರಿ ಮುಗಿಸಿದ್ದೀಯಾ?" ಅಂತಲೂ ಕೇಳಿದೆ. "ಮಂಗಳ ಬೇರೆ, ಕುಣಿತ ಬೇರೆ" ಅಂದರು. ಟ್ರಾಮ್ ಬಂತು, ಮಾತು ಮುಂದುವರಿಯಿತು.

ಅಮ್ಮನ ಸಿಟ್ಟಿಗೆ ಕಾರಣ ಇಲ್ಲದೆ ಇಲ್ಲ. ಶೆರೋಕಾ ಬೀದಿಯ ಹೋಟೆಲುಗಳಲ್ಲೂ ಸಂಜೆ ಹೊತ್ತು ಇದೇ ಧಾಟಿಗಳನ್ನು ನುಡಿಸುತ್ತಾರೆ, ಪ್ರವಾಸಿಗಳು ಸೂಪ್ ಕುಡಿಯುತ್ತಾ ಕೇಳುತ್ತಾರೆ. ನುಡಿಸುವವರಲ್ಲಿ ಹೆಚ್ಚಿನವರು ಯಹೂದಿಗಳಲ್ಲ. ಇದೆಲ್ಲ ಇಲ್ಲದವರ ಹೆಸರಲ್ಲಿ ನಡೆಯುವ ವ್ಯಾಪಾರ ಅಂತ ಬೇಸರ ಪಡುವವರಿದ್ದಾರೆ. ನನಗೂ ಆ ಹೋಟೆಲುಗಳಲ್ಲಿ ಕೂತು ಕೇಳಲು ಆಗುವುದಿಲ್ಲ. ಆದರೆ ಉತ್ಸವವನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. 1988ರಲ್ಲಿ, ಕಮ್ಯುನಿಸ್ಟ್ ಸರ್ಕಾರ ಇನ್ನೂ ಇದ್ದಾಗ, ಯಾನುಷ್ ಮಾಕುಖ್ ಮತ್ತು ಕ್ಷಿಷ್ಟೋಫ್ ಗಿಯೆರಾತ್ ಎಂಬಿಬ್ಬರು ಯುವಕರು ಅದನ್ನು ಶುರು ಮಾಡಿದರು. ಇಬ್ಬರೂ ಯಹೂದಿಗಳಲ್ಲ. ಆಗ ಕಜೀಮಿಯೆಶ್ ಪಾಳು ಬಿದ್ದ ಹಾಗಿತ್ತು. 2008ರಲ್ಲಿ ಇಲ್ಲೊಂದು ಯಹೂದಿ ಸಮುದಾಯ ಕೇಂದ್ರವೂ ತೆರೆಯಿತು. ತಮ್ಮ ಮನೆತನ ಯಹೂದಿ ಅಂತ ದೊಡ್ಡವರಾದ ಮೇಲೆ ಗೊತ್ತಾದವರು ಎಷ್ಟೋ ಜನ ಅಲ್ಲಿಗೆ ಬರುತ್ತಾರೆ. ಕೇಳುವವರೇ ಇಲ್ಲದ ಊರಲ್ಲಿ ಯಾರೋ ಮೊದಲು ಬಾಗಿಲು ತೆಗೆಯಬೇಕಿತ್ತು, ತೆಗೆದರು.

ವಾದ ಮಾಡಿದರೂ ಅಮ್ಮ ಆ ವಾರದ ಹಾಡಿನ ಕಮ್ಮಟಕ್ಕೆ ಬರುತ್ತೇನೆ ಅಂತ ತಾವೇ ಹೊರಟರು. ಕಲಿಸುತ್ತಿದ್ದದ್ದು ನಿಗುನ್, ಹಸೀದಿ ಎಂಬ ಯಹೂದಿ ಪಂಥದವರ ಪದವಿಲ್ಲದ ಹಾಡು. ಬಿಮ್ ಬಮ್, ಯಾ ಬಾ ಬಮ್ ಅಂತ ಅಕ್ಷರಗಳಷ್ಟೇ. ಮಾತು ಅಡ್ಡ ಬರಬಾರದು, ಧಾಟಿಯಲ್ಲೇ ದೇವರ ಹತ್ತಿರ ಹೋಗಬೇಕು ಅನ್ನುವುದು ಅವರ ನಂಬಿಕೆ. ಕಲಿಸುವಾಕೆ ಒಂದು ಸಾಲು ಹಾಡುತ್ತಾರೆ, ಎಲ್ಲರೂ ತಿರುಗಿ ಹೇಳಬೇಕು. ಕಾಗದ ಇಲ್ಲ, ಸ್ವರಲಿಪಿ ಇಲ್ಲ. ನಮ್ಮ ಭಜನೆ ಮಂಡಳಿಯ ಥರವೇ. ಅಮ್ಮನಿಗೆ ಇಂಗ್ಲಿಷ್ ಸ್ವಲ್ಪ ಬರುತ್ತದೆ, ಪೋಲಿಷ್ ಒಂದಕ್ಷರ ಬರುವುದಿಲ್ಲ, ಏನೂ ತೊಂದರೆ ಆಗಲಿಲ್ಲ. ಎರಡನೇ ಸುತ್ತಿಗೆ ಇಡೀ ಧಾಟಿ ಅವರ ಬಾಯಲ್ಲಿತ್ತು.

ಪಕ್ಕದಲ್ಲಿ ಅಮ್ಮನಷ್ಟೇ ವಯಸ್ಸಿನ ಒಬ್ಬರು ಕೂತಿದ್ದರು. ಅರ್ಜೆಂಟೀನಾದಿಂದ ಬಂದವರು. ಅವರ ಅಜ್ಜ ಇಲ್ಲೇ ಹತ್ತಿರದ ತಾರ್ನೂಫ್ ಊರಿನವರು, ಯುದ್ಧಕ್ಕೆ ಮೊದಲೇ ಹಡಗು ಹತ್ತಿ ಹೋಗಿದ್ದರಂತೆ. ಅಜ್ಜ ಗುನುಗುತ್ತಿದ್ದ ಧಾಟಿ ನೆನಪಿದೆ, ಪೂರ್ತಿ ಬರುವುದಿಲ್ಲ ಅಂದರು. ಬಿಡುವಿನಲ್ಲಿ ಅದನ್ನು ಹಾಡಿ ತೋರಿಸಿದರು. ಅಮ್ಮ ಬ್ಯಾಗಿನಿಂದ ಪುಸ್ತಕ ತೆಗೆದು, ಸ ರಿ ಗ ಅಂತ ಕನ್ನಡದಲ್ಲಿ ಬರೆದುಕೊಂಡು, ತಿರುಗಿ ಹಾಡಿ, "ಇಲ್ಲಿ ನಿಷಾದ ಮುಟ್ಟಿ ಬರ್ತಿದ್ರಾ, ಇಲ್ವಾ?" ಅಂತ ನನ್ನ ಕೈಲಿ ಕೇಳಿಸಿದರು. ಆಕೆ ಕಣ್ಣು ಮುಚ್ಚಿ ಯೋಚನೆ ಮಾಡಿ, ಮುಟ್ಟುತ್ತಿದ್ದರು ಅಂದರು. ಅಮ್ಮ ತಿದ್ದಿ ಮತ್ತೆ ಹಾಡಿದರು, ಆಕೆ ಜೊತೆ ಸೇರಿಸಿದರು. ಕಲಿಸುತ್ತಿದ್ದ ಮೇಡಂ ಅಲ್ಲಿಗೇ ಕುರ್ಚಿ ಎಳೆದುಕೊಂಡು ಬಂದರು. ಅವರಿಗೂ ಆ ಧಾಟಿ ಹೊಸದು. ಕೇಳಿ ಕೇಳಿ ಕೊನೆಯ ಸಾಲು ಹೀಗಿದ್ದಿರಬಹುದು ಅಂತ ಒಂದು ಹಾಡಿದರು, ಆಕೆ ಇಲ್ಲ ಅಂದರು, ಇನ್ನೊಂದು ಹಾಡಿದರು, ಅದೂ ಅಲ್ಲ. ಬಿಡುವು ಮುಗಿದು ಬಹಳ ಹೊತ್ತಾಗಿತ್ತು, ಕಮ್ಮಟಕ್ಕೆ ಬಂದವರೆಲ್ಲ ಸುತ್ತ ನಿಂತು ಅವರವರಿಗೆ ತೋಚಿದ ಕೊನೆಯ ಸಾಲನ್ನು ಹಾಡುತ್ತಿದ್ದರು.